ಒಳಗೆಳೆದ ಹೌದು

ಹಾಲಿನ ಸಂಘದ ಮಹಡಿಯ ಕೋಣೆಗೆ ಹೋಗಬೇಕಾದರೆ ಹೊರಗಿನ ಕಬ್ಬಿಣದ ಮೆಟ್ಟಿಲು ಹತ್ತಬೇಕು. ಹದಿನೇಳು ಮೆಟ್ಟಿಲು. ಅದರಲ್ಲಿ ಏಳನೆಯದು ಸಡಿಲ, ಕಾಲಿಟ್ಟರೆ ಕಟಕ್ ಅನ್ನುತ್ತದೆ. ಮೇಷ್ಟ್ರು ಇಪ್ಪತ್ತಾರು ವರ್ಷದಿಂದ ಅದನ್ನು ದಾಟಿ ಎಂಟನೆಯದಕ್ಕೇ ಕಾಲಿಡುತ್ತಿದ್ದರು. ಹಿಂದೆ ಬರುವ ಅವರ ಹೆಂಡತಿ ಬೇಕೆಂತಲೇ ಏಳನೆಯದನ್ನು ತುಳಿಯುತ್ತಿದ್ದಳು. "ಯಾರೋ ಬರ್ತಿದಾರೆ ಅಂತ ಒಳಗಿರೋರಿಗೆ ಗೊತ್ತಾಗಬೇಡ್ವಾ? ಕಳ್ಳರ ಹಾಗೆ ಹತ್ತೋದು ಏನು ಚೆಂದ?" ಎನ್ನುತ್ತಿದ್ದಳು.

ಆ ಭಾನುವಾರ ಮಧ್ಯಾಹ್ನ ಮೇಷ್ಟ್ರು ಒಬ್ಬರೇ ಹತ್ತಿದರು. ಕಟಕ್ ಅನ್ನುವ ಸದ್ದು ಬರಲಿಲ್ಲ.

ಅದು ಆರಿಸುವ ದಿನ. ವರ್ಷಕ್ಕೊಂದು ಸಲ, ಹೊರದೇಶದ ಕೆಲಸಕ್ಕೆ ಹೊರಟವರು ಆ ಕೋಣೆಯಲ್ಲಿ ಸೇರುತ್ತಾರೆ. ಉತ್ತರದ ಚಳಿಯಲ್ಲಿ ದೊಡ್ಡ ದೊಡ್ಡ ಕೊಟ್ಟಿಗೆಗಳಿವೆ, ಹಾಲು ಕರೆಯುವವರು ಬೇಕು. ಅಲ್ಲಿಗೆ ಹೋಗುವವರಿಗೆ ಸ್ವೀಡಿಷ್ ಬೇಕು. ದಕ್ಷಿಣದ ದ್ವೀಪಗಳಲ್ಲಿ ಕುರಿ ಕಾಯುವವರು, ದೋಣಿ ತೊಳೆಯುವವರು, ವಸತಿಗೃಹಗಳಲ್ಲಿ ಹಾಸಿಗೆ ಹಾಸುವವರು ಬೇಕು, ಅವರಿಗೆ ಗ್ರೀಕ್. ಎರಡೂ ಕಡೆ ಕೆಲಸ ಸಿಕ್ಕೀತು, ಆದರೆ ಎರಡೂ ಭಾಷೆ ಕಲಿಯುವಷ್ಟು ಪುರುಸೊತ್ತು ಯಾರಿಗೂ ಇಲ್ಲ. ಹಾಗಾಗಿ ಮೇಷ್ಟ್ರು ಗ್ರೀಕಿನ ಪರ, ಅವರ ಹೆಂಡತಿ ಸ್ವೀಡಿಷಿನ ಪರ ಒಂದು ಗಂಟೆ ಜನರ ಮುಂದೆ ಜಗಳವಾಡುತ್ತಿದ್ದರು. ಯಾವುದು ಸುಲಭ, ಯಾವುದು ಕಷ್ಟ, ಯಾವುದಕ್ಕೆ ನಾಲಗೆ ಹೊರಳಬೇಕು, ಯಾವುದಕ್ಕೆ ಕಿವಿ ಚುರುಕಾಗಬೇಕು ಎಂದು ಕೇಳಿಸಿಕೊಂಡು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡ ಮೇಲೆ, ಜನ ಎದ್ದು ಬಂದು ಮೇಜಿನ ಮೇಲಿನ ಎರಡು ಪುಸ್ತಕಗಳಲ್ಲಿ ಒಂದರಲ್ಲಿ ಹೆಸರು ಬರೆಯುತ್ತಿದ್ದರು. ನೀಲಿ ರಟ್ಟಿನದು ಗ್ರೀಕ್, ಕೆಂಪು ರಟ್ಟಿನದು ಸ್ವೀಡಿಷ್.

ಇಬ್ಬರೂ ಓದಿ ಪಂಡಿತರಾದವರಲ್ಲ. ಮೇಷ್ಟ್ರು ಹನ್ನೊಂದು ವರ್ಷ ದನ ಸಾಗಿಸುವ ಹಡಗಿನಲ್ಲಿ ಮೇವು ಹಾಕುವ ಕೆಲಸದಲ್ಲಿದ್ದವರು. ಕಪ್ತಾನನಿಂದ ಹಿಡಿದು ಅಡಿಗೆಯವನವರೆಗೆ ಆ ಹಡಗಿನ ತುಂಬ ಗ್ರೀಕರು. ಅವಳು ಏಳು ವರ್ಷ ಉತ್ತರದ ಒಂದು ಕೊಟ್ಟಿಗೆಯಲ್ಲಿ ನೂರಾರು ಹಸುಗಳ ಕೆಚ್ಚಲು ತೊಳೆದವಳು. ಊರಿಗೆ ಮರಳಿದ ಮೇಲೆ ಮದುವೆ, ಎರಡು ಹಸು, ಸಂಜೆಯ ಪಾಠ. "ನಮ್ಮಿಬ್ಬರ ವ್ಯಾಕರಣಕ್ಕೂ ಸಗಣಿ ವಾಸನೆ ಇದೆ, ಮೂಗು ಮುಚ್ಚಿಕೊಂಡು ಕಲೀರಿ" ಎಂದೇ ಅವಳು ಪ್ರತಿ ವರ್ಷ ಮಾತು ಶುರು ಮಾಡುತ್ತಿದ್ದುದು.

ನಾಲ್ಕು ತಿಂಗಳ ಹಿಂದೆ, ಬೆಳಗಿನ ಹಾಲು ಕರೆದು ಪಾತ್ರೆ ತೊಳೆಯುತ್ತಿದ್ದಾಗ ಅವಳು ಹಾಗೇ ಪಕ್ಕಕ್ಕೆ ಕುಸಿದಳು. ಲಕ್ವ. ಬಲಗೈ, ಬಲಗಾಲು, ಬಲಗೆನ್ನೆ ಹೋದವು. ದನಿಯೂ ಹೋಯಿತು.

ಮೇಷ್ಟ್ರು ಬಾಗಿಲು ನೂಕಿದಾಗ ಸಂಘದ ಕಾರ್ಯದರ್ಶಿ ಕುರ್ಚಿಗಳನ್ನು ಸಾಲು ಮಾಡುತ್ತಿದ್ದರು. ಮಾತಾಡಬೇಕಾದ್ದು ಏನಾದರೂ ಇದ್ದರೆ ಕೈಗೆ ಕೆಲಸ ಕೊಡುವುದು ಆ ಮನುಷ್ಯನ ಅಭ್ಯಾಸ.

"ಮೇಷ್ಟ್ರೇ, ಕೋಪ ಮಾಡ್ಕೋಬೇಡಿ. ಈ ವರ್ಷ ನೀಲಿ ಪುಸ್ತಕ ಒಂದೇ ಇಡೋಣ."

"ಕೆಂಪೂ ಇರಲಿ."

"ಇರಲಿ ಅಂತೀರಿ. ಎಂಟು ಹೆಸರು ಬಾರದೆ ಹೋದ್ರೆ ತರಗತಿ ಇಲ್ಲ ಅನ್ನೋದು ನೀವೇ ಮಾಡಿದ ನಿಯಮ. ಬಂದ್ರೂ ಪಾಠ ಮಾಡೋರು ಯಾರು?"

"ಅವಳೇ ಮಾಡ್ತಾಳೆ. ತರಗತಿ ಶುರುವಾಗೋಕೆ ಇನ್ನೂ ಎರಡು ತಿಂಗಳಿದೆ."

ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. "ಸರಿ. ನಿಮ್ಮಿಷ್ಟ" ಎಂದರು.

ಮೇಷ್ಟ್ರ ಲೆಕ್ಕಾಚಾರ ಬೇರೆಯೇ ಇತ್ತು. ಹಿಂದೊಮ್ಮೆ ಅವರ ಹಸು ಹಗ್ಗ ಕಿತ್ತುಕೊಂಡು ಹೋಗಿ ಮೂರು ದಿನ ಪತ್ತೆಯಿರಲಿಲ್ಲ. ಅವಳು ಕರುವನ್ನು ಮಾತ್ರ ಅಂಗಳದಲ್ಲಿ ಕಾಣುವ ಹಾಗೆ ಕಟ್ಟಿ, "ಬರ್ತಾಳೆ ಬಿಡಿ" ಎಂದು ಕೂತಿದ್ದಳು. ಹಸು ಬಂತು. ಈಗ ತರಗತಿಯನ್ನು ಅಂಗಳದಲ್ಲಿ ಕಟ್ಟಿಡಬೇಕು, ಎಂಟು ಹೆಸರು ಅವಳ ಕಣ್ಣಿಗೆ ಬೀಳಬೇಕು. ಮಾತು ತಾನಾಗಿ ಮನೆಗೆ ಬರುತ್ತದೆ. ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಜನ ಕನಿಕರಪಡುತ್ತಾರೆ, ಕನಿಕರವನ್ನು ಹೊತ್ತು ತಿರುಗುವುದು ಅವರಿಗೆ ಆಗದ ಕೆಲಸ.

ಮೊದಲ ದಿನಗಳು ತುಂಬ ಕಷ್ಟದವು. ಆಸ್ಪತ್ರೆಯಲ್ಲಿ ಎರಡನೆಯ ದಿನ ಅವಳು ಕಣ್ಣು ಬಿಟ್ಟಾಗ ಮೇಷ್ಟ್ರು ಬಾಗಿ, "ನಾನು ಯಾರು, ಗೊತ್ತಾಯ್ತಾ?" ಎಂದು ಕೇಳಿದ್ದರು. ಅವಳ ಉಸಿರು ತಟಕ್ಕನೆ ಒಳಗೆ ಸಿಕ್ಕಿಕೊಂಡಿತ್ತು. ದಾದಿ ಓಡಿ ಬಂದಳು. "ಹೀಗಾದಾಗ ಮಾತಾಡಿಸಬೇಡಿ, ಪಕ್ಕಕ್ಕೆ ಹೊರಳಿಸಿ ಬೆನ್ನು ತಟ್ಟಿ, ಗಂಟಲಲ್ಲಿ ಏನಾದ್ರೂ ಇಳಿದಿದ್ರೆ ಅಪಾಯ" ಎಂದಳು. ಹೇಳಿದ್ದು ಸರಿಯಾದ ಮಾತೇ. ಮನೆಗೆ ಬಂದ ಮೇಲೂ ಮೇಷ್ಟ್ರು ಅದನ್ನು ಚಾಚೂ ತಪ್ಪದೆ ಪಾಲಿಸಿದರು. ದಿನಕ್ಕೆ ಹತ್ತು ಹನ್ನೆರಡು ಸಲ ಉಸಿರು ಸಿಕ್ಕಿಕೊಳ್ಳುತ್ತಿತ್ತು. ಪ್ರತಿ ಸಲವೂ ಆಡುತ್ತಿದ್ದ ಮಾತನ್ನು ಅಲ್ಲಿಗೇ ಬಿಟ್ಟು, ಅವಳನ್ನು ಗೋಡೆಯ ಕಡೆಗೆ ಹೊರಳಿಸಿ ಬೆನ್ನು ತಟ್ಟುತ್ತಿದ್ದರು. ಎರಡನೆಯ ತಿಂಗಳಿಗೆ ಅದು ಕಡಿಮೆಯಾಯಿತು. ಮೂರನೆಯ ತಿಂಗಳಿಗೆ ಪೂರ್ತಿ ನಿಂತಿತು. "ಉಸಿರು ಸಿಕ್ಕಿಕೊಳ್ಳೋದು ನಿಂತಿದೆ, ಅಷ್ಟರ ಮಟ್ಟಿಗೆ ಗುಣ" ಎಂದು ದಾರಿಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದರು. ಈಗ ಅವಳು ಹೊರಳಿಸದೆ ಇದ್ದರೂ ಗೋಡೆಯ ಕಡೆಗೇ ಮುಖ ಮಾಡಿ ಮಲಗಿರುತ್ತಿದ್ದಳು.

ಜನ ಬಂದು ಕೂತರು, ಹದಿನೈದು ಮಂದಿ. ಮುಂದಿನ ಸಾಲಿನಲ್ಲಿ ಉಣ್ಣೆ ಕತ್ತರಿಸುವವನು. ದೊಡ್ಡ ಅಂಗೈ, ಸುಮ್ಮನಿರದ ಬಾಯಿ. ಅವನ ಪಕ್ಕದಲ್ಲಿ ಬಟ್ಟೆ ಹೊಲಿಯುವ ಹೆಂಗಸು, ಸೆರಗಿನಂಚಿಗೆ ಇನ್ನೂ ಎರಡು ಸೂಜಿ ಚುಚ್ಚಿಕೊಂಡಿದ್ದಳು. ಮೇಷ್ಟ್ರು ತಮ್ಮ ಚೀಲದಿಂದ ಕಂದು ಕಾಗದದ ಹೊದಿಕೆ ಹಾಕಿದ ಒಂದು ಟಿಪ್ಪಣಿ ಪುಸ್ತಕ ತೆಗೆದರು. ಅವಳದು. ಇಷ್ಟು ವರ್ಷದಲ್ಲಿ ಅವರು ಅದನ್ನು ತೆರೆದದ್ದು ಈ ವಾರವೇ.

"ಈ ಸಲ ಜಗಳ ಆಡೋಕೆ ಜೊತೆಯಿಲ್ಲ," ಎಂದರು. "ಎರಡು ಕಡೆಯ ವಕೀಲಿಯೂ ನನ್ನದೇ."

ಮೊದಲು ಗ್ರೀಕ್. "ಇದರಲ್ಲಿ ಕ್ರಿಯಾಪದ ನಮ್ಮ ಹಾಗೇ. ನಾನು ಅನ್ನೋದನ್ನ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬರ್ತೀನಿ ಅಂದ್ರೆ ನಾನು, ಬರ್ತೀಯ ಅಂದ್ರೆ ನೀನು. ಅವರದು ಎರ್ಖೊಮೆ, ಎರ್ಖೆಸೆ. ಬಾಲ ನೋಡಿ ಹಸು ಗುರುತಿಸಿದ ಹಾಗೆ. ಕೂಗುವಾಗ ನಾವು ಬಾಲ ಎಳೀತೀವಿ, ಅಣ್ಣಾ, ಅಕ್ಕಾ ಅಂತ. ಅವರು ಬಾಲ ಕತ್ತರಿಸ್ತಾರೆ. ಕಪ್ತಾನನ ಬೆನ್ನ ಹಿಂದೆ ಅವನು ಕಪೆತಾನ್ಯೊಸ್, ಎದುರಿಗೆ ಕೂಗಿದ್ರೆ ಕಪೆತಾನ್ಯೆ."

"ಬೆನ್ನ ಹಿಂದೆ ನಾವೂ ಬೇರೆಯೇ ಕರೀತೀವಿ ಬಿಡಿ," ಎಂದ ಉಣ್ಣೆಯವನು. ಕಾರ್ಯದರ್ಶಿ ಅವನ ಕಡೆ ನೋಡಿದರು.

"ಹೌದು ಅನ್ನೋಕೆ ನೆ. ಇಲ್ಲ ಅನ್ನೋಕೆ ಓಹಿ. ನಾವು ಓಹೋ ಅಂದ್ರೆ ಒಪ್ಪಿದ ಹಾಗೆ, ಅವರು ಓಹಿ ಅಂದ್ರೆ ಬಾಗಿಲು ಮುಚ್ಚಿದ ಹಾಗೆ. ಅದಕ್ಕಿಂತ ಮುಖ್ಯ, ಎಷ್ಟೋ ಸಲ ಅದನ್ನ ಬಾಯಲ್ಲಿ ಹೇಳೋದೇ ಇಲ್ಲ. ಹುಬ್ಬು ಮೇಲೆ ಎತ್ತುತಾರೆ, ಇಷ್ಟೇ. ಇಲ್ಲ ಅಂತ ಅರ್ಥ." ಮೇಷ್ಟ್ರು ಎತ್ತಿ ತೋರಿಸಿದರು. "ನಾನು ಹಡಗು ಹತ್ತಿದ ಮೊದಲ ವಾರ, ದನಕ್ಕೆ ಇನ್ನೊಂದು ಪೀಪಾಯಿ ನೀರು ಕೊಡ್ತೀರಾ ಅಂತ ಕಪ್ತಾನನ್ನ ಕೇಳಿದೆ. ಹುಬ್ಬೆತ್ತಿದ. ಕೇಳಿಸಲಿಲ್ಲವೇನೋ ಅಂತ ಮತ್ತೆ ಕೇಳಿದೆ. ಮತ್ತೆ ಎತ್ತಿದ. ಮೂರನೇ ಸಲ ಕಿವಿಯ ಹತ್ತಿರ ಹೋಗಿ ಕೂಗಿದೆ. ಬಕೆಟ್ಟು ಬಂದು ಇಲ್ಲಿ ಬಿತ್ತು," ಎಂದು ಮೊಣಕಾಲು ಮುಟ್ಟಿಕೊಂಡರು.

ಜನ ನಕ್ಕರು. ಪ್ರತಿ ವರ್ಷ ಈ ಕಥೆಗೆ ಅವಳು, "ಇವತ್ತಿಗೂ ಅಷ್ಟೇ. ಮನೇಲಿ ನಾನು ಬೇಡ ಅಂದ್ರೆ ಇವರಿಗೆ ಮೂರು ಸಲ ಹೇಳಬೇಕು" ಎಂದು ಸೇರಿಸುತ್ತಿದ್ದಳು. ಮನೆಯಲ್ಲಿ ಅವಳು ಇವರ ಈ ಹುಬ್ಬನ್ನೇ ಇವರ ಮೇಲೆ ತಿರುಗಿಸುತ್ತಿದ್ದಳು. ಸಾಲಕ್ಕೆ ಬರುವ ಪಕ್ಕದ ಮನೆಯವರ ಎದುರು ಬೇಡ ಎನ್ನಬೇಕಾದರೆ ಬಾಗಿಲ ಹಿಂದಿನಿಂದ ಹುಬ್ಬೆತ್ತುತ್ತಿದ್ದಳು. ಈಗ ಆ ಮಾತು ಬರಬೇಕಾದ ಜಾಗದಲ್ಲಿ ಕೆಳಗೆ ಯಾರೋ ಹಾಲಿನ ಕ್ಯಾನು ಉರುಳಿಸಿದ ಸದ್ದು ಬಂತು.

ಮೇಷ್ಟ್ರು ಗ್ರೀಕನ್ನು ಬೇಗ ಮುಗಿಸಿದರು. ಅದರ ಕಷ್ಟಗಳನ್ನೆಲ್ಲ ಒತ್ತಿ ಒತ್ತಿ ಹೇಳಿದರು. ಹೊಸ ಅಕ್ಷರಗಳು, ಮೂರು ಲಿಂಗ, ಕುರ್ಚಿ ಹೆಂಗಸು ಯಾಕೆ ಎಂದರೆ ಉತ್ತರವಿಲ್ಲ. ತಮ್ಮ ಕಟ್ಟೆಯ ನೀರನ್ನು ತಾವೇ ಪಕ್ಕದ ಗದ್ದೆಗೆ ಒಡೆದು ಬಿಡುವವರ ಹಾಗೆ ಮಾತಾಡಿದರು. ಆಮೇಲೆ ಅವಳ ಪುಸ್ತಕ ತೆರೆದರು.

ಅದರಲ್ಲಿ ಪಾಠದ ನಡುನಡುವೆ ತನಗೆ ತಾನೇ ಹೇಳಿಕೊಂಡ ಸಾಲುಗಳಿದ್ದವು. 'ಇಲ್ಲಿ ಅವರು ಅಡ್ಡಬಾಯಿ ಹಾಕುತ್ತಾರೆ, ಹಾಕಲಿ.' 'ಇಲ್ಲಿ ಅವರ ಮುಖ ನೋಡಬೇಡ, ನಗು ಬರುತ್ತದೆ.' ಅವನ್ನು ಬಿಟ್ಟು ಬಿಟ್ಟು ಓದುವುದು ಮೇಷ್ಟ್ರಿಗೆ ಸುಲಭವಾಗಿರಲಿಲ್ಲ.

"ಸ್ವೀಡಿಷಿನಲ್ಲಿ ನಾನು ಬಂದ್ರೂ ಕೊಮ್ಮೆರ್, ನೀನು ಬಂದ್ರೂ ಕೊಮ್ಮೆರ್, ಹಸು ಬಂದ್ರೂ ಕೊಮ್ಮೆರ್. ಒಂದು ಕಲಿತರೆ ಎಲ್ಲರಿಗೂ ಆಯ್ತು. ಇನ್ನು ನೆಂಟಸ್ತಿಕೆ. ಗ್ರೀಕರಿಗೆ ಅಪ್ಪನ ತಮ್ಮನೂ ಥಿಯೊಸ್, ಅಮ್ಮನ ತಮ್ಮನೂ ಥಿಯೊಸ್. ಇವರು ಹಾಗಲ್ಲ. ಅಪ್ಪನ ಕಡೆಯವನು ಫಾರ್‌ಬ್ರೂರ್, ಅಮ್ಮನ ಕಡೆಯವನು ಮೂರ್‌ಬ್ರೂರ್."

"ಅಂದ್ರೆ ಚಿಕ್ಕಪ್ಪ ಬೇರೆ, ಸೋದರಮಾವ ಬೇರೆ!" ಎಂದಳು ಬಟ್ಟೆ ಹೊಲಿಯುವ ಹೆಂಗಸು, ಕುರ್ಚಿಯಲ್ಲಿ ಮುಂದೆ ಸರಿದು. "ಹಾಗಾದ್ರೆ ಅವರೂ ನಮ್ಮ ಥರದ ಜನಾನೇ. ಮಾವನನ್ನೂ ಚಿಕ್ಕಪ್ಪನನ್ನೂ ಒಂದೇ ಚೀಲಕ್ಕೆ ತುಂಬೋ ಭಾಷೆ ನನಗೆ ಬೇಡಪ್ಪ."

"ನಿಮ್ಮ ಮಾವ ಅಷ್ಟು ಒಳ್ಳೆಯವರಾ ಅಕ್ಕಾ?" ಎಂದ ಉಣ್ಣೆಯವನು.

"ಚಿಕ್ಕಪ್ಪ ಅಷ್ಟು ಕೆಟ್ಟವನು."

ಕೋಣೆ ಗೊಳ್ಳೆಂದಿತು. ಮೇಷ್ಟ್ರಿಗೆ ಮನಸ್ಸಿನಲ್ಲಿ ಒಂದು ಹೆಸರು ಕೆಂಪು ಪುಸ್ತಕಕ್ಕೆ ಬಿದ್ದಂತಾಯಿತು.

"ಕಷ್ಟ ಇರೋದು ರಾಗದಲ್ಲಿ," ಎಂದು ಮುಂದುವರಿಸಿದರು. "ಅಂಡೆನ್ ಅಂತ ಒಂದು ಮಾತು. ದನಿ ಒಂದು ಗುಡ್ಡ ಹತ್ತಿ ಇಳಿದ್ರೆ ಬಾತುಕೋಳಿ. ಅದೇ ಮಾತು, ದನಿ ಎರಡು ಗುಡ್ಡ ಹತ್ತಿ ಇಳಿದ್ರೆ ಆತ್ಮ." ಅವರು ಒಮ್ಮೆ ಹೇಳಿದರು. ಇನ್ನೊಮ್ಮೆ ಹೇಳಿದರು.

ಉಣ್ಣೆಯವನು ತಲೆ ಓರೆ ಮಾಡಿ ಕೇಳಿದ. "ಮೇಷ್ಟ್ರೇ, ತಪ್ಪು ತಿಳೀಬೇಡಿ. ಎರಡೂ ಬಾತುಕೋಳೀನೇ."

"ನನ್ನ ಕೈಲಿ ಎರಡನೇದು ಬರಲ್ಲಯ್ಯ," ಎಂದರು ಮೇಷ್ಟ್ರು. "ಅದು ಅವಳಿಗೇ ಬರೋದು."

ಈ ಸಲ ಯಾರೂ ನಗಲಿಲ್ಲ.

ಕೊನೆಯ ಪುಟದಲ್ಲಿ ಒಂದೇ ಸಾಲಿತ್ತು. 'ಮುಗಿಸುವ ಮುನ್ನ: ಉಸಿರಿನ ಹೌದು. ಎಲ್ಲರೂ ನಗುತ್ತಾರೆ, ನಗು ನಿಲ್ಲುವ ತನಕ ಕಾಯಿ.' ಅದೇನೆಂದು ಅವರಿಗೆ ಗೊತ್ತಿದ್ದದ್ದೇ. ವರ್ಷಕ್ಕೊಂದು ಸಲ ಅವಳು ಅದನ್ನು ಮಾಡಿ ತೋರಿಸುತ್ತಿದ್ದಳು, ನಲವತ್ತು ಜನರ ನಗುವಿನ ನಡುವೆ. ಅವಳಿದ್ದ ಉತ್ತರದ ಸೀಮೆಯಲ್ಲಿ ಎಷ್ಟೋ ಜನ ಹೌದು ಎನ್ನಲು ಬಾಯಿ ತೆರೆಯುವುದಿಲ್ಲ. ಚಳಿಗೆ ಮಾತು ಹೊರಗೆ ಬಿಡಲು ಜಿಪುಣತನ ಎಂದು ಅವಳು ತಮಾಷೆ ಮಾಡುತ್ತಿದ್ದಳು. ತುಟಿ ಸ್ವಲ್ಪ ಮುಂದೆ ಮಾಡಿ, ಉಸಿರನ್ನು ತಟಕ್ಕನೆ ಒಳಗೆ ಎಳೆಯುತ್ತಾರೆ. ಅದೇ ಹೌದು. ಅವಳು ಆ ಕೊಟ್ಟಿಗೆಗೆ ಹೋದ ಹೊಸದರಲ್ಲಿ ಜೊತೆಯ ಹೆಂಗಸು ಹೀಗೆ ಮಾಡಿದಾಗ, ಎದೆನೋವು ಬಂತೆಂದು ಹೆದರಿ ನೀರು ತರಲು ಓಡಿದ್ದಳಂತೆ. ಮನೆಯಲ್ಲಿ ಅವಳೆಂದೂ ಹಾಗೆ ಮಾಡಿದವಳಲ್ಲ. ಮನೆಯಲ್ಲಿ ಹೂಂ ಎನ್ನುತ್ತಿದ್ದಳು, ಎಲ್ಲರ ಹಾಗೆ.

"ಕೊನೇದಾಗಿ," ಎಂದರು ಮೇಷ್ಟ್ರು, "ಆ ಕಡೆ ಹೋದ್ರೆ ನಿಮಗೆ ಇದು ಕೇಳುತ್ತೆ. ಯಾರಿಗೋ ಏನೋ ಆಯ್ತು ಅಂತ ಹೆದರಬೇಡಿ. ಅವರು ಹೌದು ಅಂತಿದಾರೆ ಅಷ್ಟೇ."

ತುಟಿ ಮುಂದೆ ಮಾಡಿ ಉಸಿರನ್ನು ಒಳಗೆಳೆದರು. ಶ್ಶುಪ್.

ಜನ ನಕ್ಕರು. ಮೇಷ್ಟ್ರಿಗೆ ಆ ನಗು ದೂರದ ಇನ್ನೊಂದು ಮನೆಯದೆನ್ನಿಸಿತು. ಆ ಸದ್ದು ಅವರ ಎದೆಯಿಂದ ಬಂದಿತ್ತು, ಆದರೆ ಅದು ಅವರಿಗೆ ಹೊಸದಾಗಿರಲಿಲ್ಲ. ಹೋದ ವರ್ಷದ್ದೂ ಅಲ್ಲ. ಈಚೆಗೆ ಕೇಳಿದ್ದರು, ದಿನಕ್ಕೆ ಹತ್ತು ಹನ್ನೆರಡು ಸಲ, ಹಾಸಿಗೆಯ ಮೇಲೆ ಬಾಗಿ.

ಪುಸ್ತಕ ಅವರ ಕೈಯಲ್ಲೇ ಇತ್ತು. ಜನ ನಗು ನಿಲ್ಲಿಸಿ ಕಾದರು.

ನಾನು ಯಾರು, ಗೊತ್ತಾಯ್ತಾ? ಶ್ಶುಪ್. ಹೊರಳಿಸಿ ಬೆನ್ನು ತಟ್ಟಿದ್ದರು. ನನ್ನ ಮಾತು ಕೇಳಿಸ್ತಿದೆಯಾ? ಶ್ಶುಪ್. ಹೊರಳಿಸಿದ್ದರು. ಕಿಟಕಿ ತೆಗೀಲಾ? ತಂಗಿಗೆ ಹೇಳಿ ಕಳಿಸ್ಲಾ? ಹಸು ಕೂಗ್ತಿದೆ, ಕೇಳಿಸ್ತಾ? ಒಂದು ಸಂಜೆ ಅವಳ ಬಲತೋಳನ್ನು ಎತ್ತಿ ಒರೆಸುವಾಗ, "ನೋಯುತ್ತಾ?" ಎಂದು ಕೇಳಿದ್ದರು. ಅವಳು ಎಳೆದ ಉಸಿರಿಗೆ ಗಾಬರಿಯಾಗಿ, ಆ ತೋಳಿನ ಮೇಲೇ ಅವಳನ್ನು ಹೊರಳಿಸಿದ್ದರು.

"ಮೇಷ್ಟ್ರೇ, ನೀರು ಬೇಕಾ?" ಎಂದರು ಕಾರ್ಯದರ್ಶಿ.

ಮೇಷ್ಟ್ರು ಟಿಪ್ಪಣಿ ಪುಸ್ತಕವನ್ನು ಮೇಜಿನ ಮೇಲಿಟ್ಟರು, ಚೀಲ ಮರೆತರು, ಬಾಗಿಲಿಗೆ ನಡೆದರು. ಇಳಿಯುವಾಗ ಸಡಿಲ ಮೆಟ್ಟಿಲನ್ನು ತುಳಿದರು. ಕಟಕ್ ಎಂದದ್ದು ಮೇಲಿದ್ದವರಿಗೆಲ್ಲ ಕೇಳಿಸಿತು.

ಮನೆ ಅಲ್ಲಿಂದ ಅರ್ಧ ಮೈಲಿ. ಮೇವಿನ ಹೊಲದ ಬದುವಿನ ಮೇಲೆ ಹಾದರೆ ಹತ್ತಿರ, ಆದರೆ ಏರು. ಅವರು ಬದುವಿನ ಮೇಲೇ ನಡೆದರು. ಅರವತ್ತನಾಲ್ಕು ವರ್ಷದ ಮೊಣಕಾಲು, ಬಕೆಟ್ಟು ಬಿದ್ದ ಮೊಣಕಾಲು ಅದೇ, ಎರಡು ಕಡೆ ನಿಲ್ಲಿಸಿತು. ನಿಂತಾಗಲೆಲ್ಲ ಇನ್ನೊಂದು ಪ್ರಶ್ನೆ ನೆನಪಾಗುತ್ತಿತ್ತು. ಪ್ರಶ್ನೆ ನೆನಪಾದ ಕೂಡಲೇ ಉತ್ತರವೂ ಬರುತ್ತಿತ್ತು, ಅದರ ಹಿಂದೆಯೇ ತಾವು ಆ ಉತ್ತರಕ್ಕೆ ಏನು ಮಾಡಿದೆವು ಎಂಬುದೂ. ನಿಲ್ಲುವುದಕ್ಕಿಂತ ನಡೆಯುವುದೇ ಮೇಲೆನಿಸಿ ನಡೆದರು.

ಅಂಗಳದಲ್ಲಿ ನಾದಿನಿ ಬಟ್ಟೆ ಒಣಹಾಕುತ್ತಿದ್ದಳು. ಅಕ್ಕನಿಗೆ ಹೀಗಾದಾಗಿನಿಂದ ವಾರಕ್ಕೆ ಮೂರು ದಿನ ಬಂದು ಇರುತ್ತಿದ್ದಳು.

"ಏನ್ ಭಾವ, ಇಷ್ಟು ಬೇಗ ಬಂದ್ರಿ? ಜನ ಬರಲಿಲ್ವಾ?"

"ಎಚ್ಚರಾಗಿದಾಳಾ?"

"ಎಚ್ಚರಾನೇ. ಗೋಡೆ ನೋಡ್ತಿದಾಳೆ. ಯಾಕೆ, ಏನಾಯ್ತು? ಮುಖ ಯಾಕೆ ಹಾಗಿದೆ?"

"ಅವಳು ಮಾತಾಡ್ತಿದ್ಲು ಕಣಮ್ಮ," ಎಂದರು ಮೇಷ್ಟ್ರು. "ಮೊದಲ ದಿನದಿಂದ ಮಾತಾಡ್ತಿದ್ಲು. ನಾನು ಬೆನ್ನು ತಟ್ಟಿ ತಟ್ಟಿ ಸುಮ್ಮನಿರಿಸಿದೆ."

ನಾದಿನಿಗೆ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೂ ಹಿಂಡಿದ ಬಟ್ಟೆಯನ್ನು ಕೈಯಲ್ಲೇ ಹಿಡಿದು ನಿಂತಳು, ಒಳಗೆ ಹೋಗಲಿಲ್ಲ.

ಕೋಣೆಯಲ್ಲಿ ಕೊಟ್ಟಿಗೆಯ ಕಡೆಗೊಂದು ಕಿಟಕಿ, ಕೆಳಗೆ ಔಷಧದ ಸ್ಟೂಲು. ಮೇಷ್ಟ್ರು ಔಷಧಗಳನ್ನು ನೆಲಕ್ಕಿಟ್ಟು, ಸ್ಟೂಲನ್ನು ಹಾಸಿಗೆಯ ಆ ಕಡೆಗೆ, ಗೋಡೆಗೂ ಮಂಚಕ್ಕೂ ನಡುವಿನ ಸಂದಿಗೆ ತೂರಿಸಿ ಕೂತರು. ಈಗ ಅವಳು ನೋಡುತ್ತಿದ್ದ ಗೋಡೆಯ ಜಾಗದಲ್ಲಿ ಅವರ ಮುಖವಿತ್ತು.

"ನಾನು ಯಾರು, ಗೊತ್ತಾ?"

ಅವಳು ನೋಡಿದಳು, ಅಷ್ಟೇ. ಮೇಷ್ಟ್ರು ಕಾದರು. ಕೊಟ್ಟಿಗೆಯಲ್ಲಿ ಹಸು ಮೈ ಕೊಡವಿತು. ಅವಳ ಮುಖದಲ್ಲಿ ಏನೂ ಕದಲಲಿಲ್ಲ. ಉತ್ತರ ಕೊಟ್ಟಾಗಲೆಲ್ಲ ಗೋಡೆಗೆ ಹೊರಳಿಸಿದವನ ಹತ್ತಿರ ಯಾರು ತಾನೇ ಮಾತಾಡುತ್ತಾರೆ, ಎಂದುಕೊಂಡರು. ಅವರು ಏನೂ ಕೇಳಲಿಲ್ಲ. ತಮ್ಮ ತುಟಿ ಮುಂದೆ ಮಾಡಿ, ಉಸಿರನ್ನು ಒಳಗೆಳೆದರು. ಶ್ಶುಪ್. "ಇದು," ಎಂದರು. "ಇದು ಅಲ್ವಾ ನೀನು ಹೇಳ್ತಿದ್ದುದು? ನಾನು ದಡ್ಡ ಕಣೇ. ಉಸಿರು ಸಿಕ್ಕಿಕೊಂಡಿತು ಅಂದ್ಕೊಂಡೆ."

ಅವಳ ಎಡಗಣ್ಣಿನಲ್ಲಿ ನೀರು ತುಂಬಿ ಮೂಗು ದಾಟಿ ದಿಂಬಿಗೆ ಇಳಿಯಿತು. ಬಹಳ ಹೊತ್ತಾಯಿತು. ಆಮೇಲೆ, ಹಳೆಯ ಬಾಗಿಲನ್ನು ಯಾರೋ ಒಳಗಿನಿಂದ ಎಳೆದ ಹಾಗೆ, ಸಣ್ಣಗೆ, ಅವಳ ಉಸಿರು ಒಳಗೆ ಹೋಯಿತು.

ಮೇಷ್ಟ್ರ ಕೈ ಅಭ್ಯಾಸಬಲದಿಂದ ಅವಳ ಭುಜಕ್ಕೆ ಹೋಯಿತು. ಹೋದ ಕೈಯನ್ನು ಹಿಂದಕ್ಕೆ ತೆಗೆದು, ಎರಡು ಮೊಣಕಾಲುಗಳ ನಡುವೆ ಒತ್ತಿ ಹಿಡಿದುಕೊಂಡರು.

"ಬಲತೋಳು ನೋಯುತ್ತಾ?"

ಉಸಿರು ಒಳಗೆ.

"ಮೊದಲಿನಿಂದಲೂ?"

ಉಸಿರು ಒಳಗೆ.

"ಬಲಮಗ್ಗುಲಿಗೆ ಹೊರಳಿಸಿದಾಗ ಜಾಸ್ತಿ ಆಗ್ತಿತ್ತಾ?"

ಅವಳು ತಡೆದಳು. ಹೇಳಲೋ ಬೇಡವೋ ಎಂದು ಅಳೆಯುತ್ತಿದ್ದಾಳೆ ಎಂಬುದು ಅವರಿಗೆ ಸ್ಪಷ್ಟವಾಗಿ ಕಂಡಿತು. ಮದುವೆಯಾದ ದಿನದಿಂದ ಅವರಿಗೆ ನೋವಾಗುವ ಮಾತಿಗೆ ಅವಳು ಹೀಗೇ ಒಂದು ಕ್ಷಣ ತಡೆಯುತ್ತಿದ್ದಳು. ಆಮೇಲೆ ಉಸಿರು ಒಳಗೆ ಹೋಯಿತು.

ಹೊರಗೆ ಸೈಕಲ್ಲು ನಿಂತ ಸದ್ದಾಯಿತು. ಉಣ್ಣೆಯವನ ದನಿ, ನಾದಿನಿಯ ದನಿ. ಸ್ವಲ್ಪ ಹೊತ್ತಿಗೆ ನಾದಿನಿ ಒಳಗೆ ಬಂದು, ಚೀಲವನ್ನೂ ಕೆಂಪು ಪುಸ್ತಕವನ್ನೂ ಹಾಸಿಗೆಯ ಮೇಲಿನಿಂದ ಚಾಚಿದಳು. "ಕಾರ್ಯದರ್ಶಿಗಳು ಕಳಿಸಿದಾರಂತೆ ಭಾವ. ಹತ್ತು ಹೆಸರು ಬಂದಿವೆ ಅಂತೆ. ನೀಲಿದಕ್ಕೆ ಮೂರೇ ಅಂತೆ. ತರಗತಿ ನಡೀಬೇಕಾ ಅಂತ ಇವತ್ತೇ ಹೇಳಬೇಕಂತೆ."

ಹತ್ತು! ಮೇಷ್ಟ್ರು ಪುಸ್ತಕ ತೆರೆದು ಅವಳ ಕಣ್ಣಿನ ಎದುರಿಗೆ ಹಿಡಿದರು. ತಮ್ಮ ಗ್ರೀಕಿಗೆ ಈ ವರ್ಷ ಬಾಗಿಲು ಹಾಕಿತು ಎಂಬುದು ತಲೆಗೆ ಬಂದರೂ ಅಲ್ಲಿ ನಿಲ್ಲಲಿಲ್ಲ. "ನೋಡು, ಹತ್ತು ಜನ. ಬಟ್ಟೆ ಹೊಲಿಯೋಳು ಮೊದಲನೇ ಹೆಸರು, ಸೋದರಮಾವನ ದೆಸೆಯಿಂದ. ಉಣ್ಣೆಯವನೂ ಬರೆದಿದಾನೆ. ನನ್ನ ಬಾಯಲ್ಲಿ ಎರಡೂ ಬಾತುಕೋಳಿ ಅಂದ ಅವನು. ಅವನಿಗೆ ಎರಡನೇದು ಕೇಳಬೇಕಂತೆ." ಅವನು ಹಾಗೆ ಅಂದಿರಲಿಲ್ಲ, ಆದರೆ ಅಂದರೂ ಅನ್ನುವವನೇ. "ಎರಡು ತಿಂಗಳಿದೆ. ಬರ್ತೀಯಾ?"

ಅವಳು ಹೆಸರುಗಳ ಮೇಲಿನಿಂದ ಕೆಳಗೆ ಕಣ್ಣಾಡಿಸಿದಳು. ನಿಧಾನವಾಗಿ, ಪ್ರತಿಯೊಂದರ ಮೇಲೂ ನಿಂತು. ಪುಟದ ಕೊನೆಗೆ ಬಂದು ಅವರ ಮುಖ ನೋಡಿದಳು.

ಮೇಷ್ಟ್ರು ಆ ಉಸಿರಿಗಾಗಿ ಕಿವಿಗೊಟ್ಟು ಕೂತರು.

ಅವಳ ಎಡಹುಬ್ಬು ಮೇಲಕ್ಕೆ ಹೋಯಿತು. ಬಲಹುಬ್ಬು ಸತ್ತದ್ದು, ಅದು ಅಲ್ಲೇ ಇತ್ತು. ಎಡದ್ದು ಮಾತ್ರ ಮೇಲೆ ಹೋಗಿ, ಒಂದು ಕ್ಷಣ ನಿಂತು, ಇಳಿಯಿತು.

"ನೋಡು, ನೀನು ನಡೆದು ಬರಬೇಕಾಗಿಲ್ಲ. ಕುರ್ಚಿ ಮೇಲೆ ಕೂರಿಸಿ ಎತ್ತಿಸ್ತೀನಿ."

ಹುಬ್ಬು ಮೇಲೆ ಹೋಯಿತು.

"ಹೋಗ್ಲಿ, ಪಾಠ ನಾನೇ ಮಾಡ್ತೀನಿ. ನೀನು ಪಕ್ಕದಲ್ಲಿ ಕೂತಿರು, ಅಷ್ಟೇ. ನಾನು ತಪ್ಪಿದಾಗ…"

ಮೂರನೆಯ ಸಲ ಹುಬ್ಬು ಮೇಲೆ ಹೋಯಿತು. ಈ ಸಲ ಇಳಿಯದೆ ಅಲ್ಲೇ ನಿಂತಿತು, ಅವರು ನೋಡಿ ಮುಗಿಸುವ ತನಕ. ಅವಳ ಬಾಯಿಯ ಎಡತುದಿ ಸ್ವಲ್ಪ ಓರೆಯಾಯಿತು. ಮೂರು ಸಲ ಹೇಳಬೇಕು ಇವರಿಗೆ, ಎಂದ ಹಾಗಿತ್ತು. ನಗುವಿರಬಹುದು, ನೋವಿರಬಹುದು.

ಮೇಷ್ಟ್ರು ಪುಸ್ತಕ ಮುಚ್ಚಿದರು. ಮುಚ್ಚಿದ ಪುಸ್ತಕದ ಮೇಲೆ ಅವಳ ಎಡಗೈಯನ್ನು ಎತ್ತಿಟ್ಟು, ಅದರ ಮೇಲೆ ತಮ್ಮ ಕೈಯಿಟ್ಟು, ಅಂಗಳದಲ್ಲಿ ಬಿಸಿಲು ಬಟ್ಟೆಯ ಸಾಲಿನಿಂದ ಕೊಟ್ಟಿಗೆಯ ಬಾಗಿಲಿಗೆ ಸರಿಯುವಷ್ಟು ಹೊತ್ತು ಕೂತಿದ್ದರು. ಆಮೇಲೆ ಹೊರಗೆ ಬಂದರು.

ಉಣ್ಣೆಯವನು ಸೈಕಲ್ಲಿಗೆ ಒರಗಿ ನಿಂತಿದ್ದ. ಮೇಷ್ಟ್ರು ಕೆಂಪು ಪುಸ್ತಕ ಕೈಗೆ ಕೊಟ್ಟಾಗ ನೆಟ್ಟಗಾದ.

"ಏನಂದ್ರು ಮೇಷ್ಟ್ರೇ, ಟೀಚರಮ್ಮ?"

"ಇಲ್ಲ ಅಂದಳು."

"ಅಂದ್ರು ಅಂದ್ರೆ, ಮಾತಾಡಿದ್ರಾ?"

"ಹೂಂ."

"ಅಯ್ಯೋ, ಮತ್ತೆ ಇನ್ನೇನು! ಸ್ವೀಡಿಷಲ್ಲಾ?"

"ಇಲ್ಲ," ಎಂದರು ಮೇಷ್ಟ್ರು. "ಗ್ರೀಕಲ್ಲಿ."

ಉಣ್ಣೆಯವನು ನಗಲು ಬಾಯಿ ತೆರೆದ. ಮೇಷ್ಟ್ರ ಮುಖ ನೋಡಿ ತೆರೆದ ಬಾಯಿಯನ್ನು ಹಾಗೇ ಮುಚ್ಚಿದ. ಕೊಟ್ಟಿಗೆಯಲ್ಲಿ ಸಂಜೆಯ ಹೊತ್ತಾಯಿತೆಂದು ಹಸುಗಳು ಒಂದಾದ ಮೇಲೊಂದು ಕೂಗತೊಡಗಿದವು. ಅವನು ಪುಸ್ತಕವನ್ನು ಸೈಕಲ್ಲಿನ ಹಿಂದೆ ಸಿಕ್ಕಿಸಿ, ಅಂಗಿಯ ತೋಳು ಮಡಚಿಕೊಂಡ.

"ಪಾತ್ರೆ ಎಲ್ಲಿದೆ ಹೇಳಿ ಅಕ್ಕಾ," ಎಂದ ನಾದಿನಿಯ ಕಡೆ ತಿರುಗಿ. "ಹಾಲು ನಾನು ಕರೀತೀನಿ. ಮೇಷ್ಟ್ರು ಒಳಗಿರಲಿ."

ಮೇಷ್ಟ್ರು ಒಳಗೆ ಹೋದರು. ಹಾಲಿನ ಧಾರೆ ಪಾತ್ರೆಯ ತಳಕ್ಕೆ ಬೀಳುವ ಸದ್ದಿನ ನಡುವೆ ಅವರ ಪ್ರಶ್ನೆಗಳು ಕಿಟಕಿಯಿಂದ ಕೊಟ್ಟಿಗೆಗೆ ಕೇಳಿಸುತ್ತಿದ್ದವು. ದಿಂಬು ಎತ್ತರಿಸ್ಲಾ. ಕಿಟಕಿ ತೆರೆದೇ ಇಡ್ಲಾ. ತಂಗಿ ಕಟ್ಟಿದ ಜಡೆ ಬಿಗಿಯಾಗಿದೆಯಾ. ನಾಲ್ಕು ತಿಂಗಳ ಬಾಕಿಯನ್ನೆಲ್ಲ ಅವರು ಒಂದೊಂದಾಗಿ ಕೇಳುತ್ತಿದ್ದರು. ಪ್ರತಿ ಪ್ರಶ್ನೆ ಆದ ಮೇಲೂ, ಒಂದು ಉಸಿರು ಒಳಗೆ ಹೋಗುವಷ್ಟು ಹೊತ್ತು, ಸುಮ್ಮನಿರುತ್ತಿದ್ದರು.